ನೀರು ಮತ್ತು ವಿದ್ಯುತ್ ಸೇವೆಯ ಸ್ವತ್ತುಗಳ ಕಡ್ಡಾಯ ಸ್ವಾಧೀನ: ಸಿಂಧನೂರು, ಲಿಂಗಸೂಗೂರು ಹಾಗೂ ಮಸ್ಕಿ ಸ್ಥಳೀಯ ಸಂಸ್ಥೆಗಳ ಅಧಿಕಾರ ಮತ್ತು ಅದರ ಮಿತಿ

ಸಾರ್ವಜನಿಕ ಉದ್ದೇಶಕ್ಕೆ ಅಗತ್ಯವಾದ ಖಾಸಗಿ ಸ್ವತ್ತನ್ನು, ಮಾಲೀಕರ ಒಪ್ಪಿಗೆ ಇಲ್ಲದಿದ್ದರೂ, ಕಾನೂನುಬದ್ಧ ಪರಿಹಾರ ನೀಡಿ ಪಡೆದುಕೊಳ್ಳುವ ಅಧಿಕಾರವು ರಾಜ್ಯಕ್ಕೆ ಇರುತ್ತದೆ. ಇದನ್ನು ಕಡ್ಡಾಯ ಸ್ವಾಧೀನ ಅಧಿಕಾರ ಎಂದು ಕರೆಯಲಾಗುತ್ತದೆ. ಕುಡಿಯುವ ನೀರಿನ ಕೆರೆ, ನೀರು ಶುದ್ಧೀಕರಣ ಘಟಕ, ಮೇಲ್ಮಟ್ಟದ ಜಲಸಂಗ್ರಹಾಗಾರ, ಕೊಳವೆ ಮಾರ್ಗ, ವಿದ್ಯುತ್ ಉಪಕೇಂದ್ರ ಮುಂತಾದ ಕಾಮಗಾರಿಗಳಿಗೆ ಜಮೀನು ಬೇಕಾದಾಗ ಈ ಅಧಿಕಾರದ ಪ್ರಶ್ನೆಯು ಉದ್ಭವಿಸುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು ನಗರಸಭೆ, ಲಿಂಗಸೂಗೂರು ಪುರಸಭೆ ಮತ್ತು ಮಸ್ಕಿ ಪುರಸಭೆಗಳು ತಾವೇ ಇಂತಹ ಸ್ವತ್ತನ್ನು ಸ್ವಾಧೀನಪಡಿಸಿಕೊಳ್ಳಬಹುದೇ, ಪಟ್ಟಣದ ವಿದ್ಯುತ್ ಜಾಲವನ್ನು ವಹಿಸಿಕೊಳ್ಳಲು ಅವುಗಳಿಗೆ ಅವಕಾಶವಿದೆಯೇ, ಜಮೀನು ಕಳೆದುಕೊಳ್ಳುವ ರೈತರಿಗೆ ಯಾವ ಹಕ್ಕುಗಳಿರುತ್ತವೆ ಎಂಬ ವಿಷಯಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಈ ಭಾಗದಲ್ಲಿ ಸದರಿ ವಿಷಯವು ಕೇವಲ ಕಾನೂನಿನ ಚರ್ಚೆಯಾಗಿ ಉಳಿಯುವುದಿಲ್ಲ. ಸಿಂಧನೂರು ಭಾಗವು ತುಂಗಭದ್ರಾ ಎಡದಂಡೆ ಕಾಲುವೆಯನ್ನು, ಲಿಂಗಸೂಗೂರು ಭಾಗವು ಕೃಷ್ಣಾ ನದಿಯ ನಾರಾಯಣಪುರ ಬಲದಂಡೆ ಕಾಲುವೆಯನ್ನು ಬಹುವಾಗಿ ಅವಲಂಬಿಸಿವೆ. ಕಾಲುವೆಯಲ್ಲಿ ನೀರು ವರ್ಷವಿಡೀ ಹರಿಯುವುದಿಲ್ಲ. ಕಾಲುವೆ ಬಂದ್ ಆದ ನಂತರ ಪಟ್ಟಣದ ಜನತೆ ಕುಡಿಯಬೇಕಾದದ್ದು ಮುಂಚಿತವಾಗಿ ಕೆರೆಗೆ ತುಂಬಿಸಿಟ್ಟ ನೀರನ್ನು. ಸಿಂಧನೂರಿಗೆ ತುರ್ವಿಹಾಳ ಬಳಿಯ ಕೆರೆಯು ಇಂತಹ ಆಸರೆಯಾಗಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ಅಪಾರ ಪ್ರಮಾಣದ ನೀರು ನದಿಗೆ ಹರಿದು ಹೋದಾಗ, ಸಂಗ್ರಹದ ಮಹತ್ವವೇನೆಂಬುದು ಅಚ್ಚುಕಟ್ಟು ಪ್ರದೇಶದ ಎಲ್ಲರಿಗೂ ಮನವರಿಕೆಯಾಯಿತು. ಆದರೆ ಸಂಗ್ರಹಕ್ಕೆ ಕೆರೆ ಬೇಕು, ಕೆರೆಗೆ ಜಮೀನು ಬೇಕು. ಕಾಲುವೆಯ ಸಮೀಪದಲ್ಲಿ ಸಿಗುವ ಜಮೀನು ಬಹುಮಟ್ಟಿಗೆ ಭತ್ತ ಬೆಳೆಯುವ ನೀರಾವರಿ ಜಮೀನೇ ಆಗಿರುತ್ತದೆ. ಪಟ್ಟಣದ ಬಾಯಾರಿಕೆ ಹಾಗೂ ರೈತನ ಜೀವನಾಧಾರ ಇವೆರಡೂ ಒಂದೇ ಸರ್ವೆ ನಂಬರಿನಲ್ಲಿ ಎದುರಾಗುವುದು ಹೀಗೆ.

ಅಧಿಕಾರ ಯಾರದು?

ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಮೇರೆಗೆ ನಗರಸಭೆ ಹಾಗೂ ಪುರಸಭೆಗಳು ಸ್ವತ್ತನ್ನು ಹೊಂದಬಹುದು, ಖರೀದಿಸಬಹುದು, ಗುತ್ತಿಗೆಗೆ ಪಡೆಯಬಹುದು. ಆದರೆ ಒಪ್ಪದ ಮಾಲೀಕರಿಂದ ಜಮೀನು ಪಡೆಯಬೇಕಾದಲ್ಲಿ ಸಭೆಯ ಠರಾವೊಂದೇ ಸಾಲದು. ಅಂತಹ ಸಂದರ್ಭದಲ್ಲಿ ಸ್ಥಳೀಯ ಸಂಸ್ಥೆಯು ಪ್ರಸ್ತಾವನೆ ಸಲ್ಲಿಸಿ ಹಣ ಒದಗಿಸುವ ಸಂಸ್ಥೆ ಮಾತ್ರ ಆಗಿರುತ್ತದೆ. ಸ್ವಾಧೀನಪಡಿಸಿಕೊಳ್ಳುವುದು ಸರ್ಕಾರ. ಭೂಸ್ವಾಧೀನದಲ್ಲಿ ನ್ಯಾಯಯುತ ಪರಿಹಾರ ಮತ್ತು ಪಾರದರ್ಶಕತೆಯ ಹಕ್ಕು, ಪುನರ್ವಸತಿ ಮತ್ತು ಪುನರ್ವ್ಯವಸ್ಥೆ ಅಧಿನಿಯಮ, 2013ರ ಪ್ರಕಾರ ಈ ಕಾರ್ಯ ನಡೆಯುತ್ತದೆ. ಸದರಿ ಅಧಿನಿಯಮವು 2014ರ ಜನವರಿ 1ರಿಂದ ಜಾರಿಗೆ ಬಂದು 1894ರ ಭೂಸ್ವಾಧೀನ ಕಾಯಿದೆಯನ್ನು ರದ್ದುಪಡಿಸಿತು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು, ಉಪವಿಭಾಗದಲ್ಲಿ ಲಿಂಗಸೂಗೂರಿನ ಸಹಾಯಕ ಆಯುಕ್ತರು ಈ ಪ್ರಕ್ರಿಯೆಯ ಮುಖ್ಯ ಕೊಂಡಿಗಳು.

ಈ ವ್ಯತ್ಯಾಸವು ಎಷ್ಟು ಮುಖ್ಯವೆಂಬುದನ್ನು 2024ರ ಮೇ 16ರಂದು ಸರ್ವೋಚ್ಚ ನ್ಯಾಯಾಲಯವು ಕೋಲ್ಕತ್ತಾ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ನೀಡಿದ ತೀರ್ಪು ಸ್ಪಷ್ಟಪಡಿಸಿದೆ. ಪಾಲಿಕೆಯು ಉದ್ಯಾನವನದ ಉದ್ದೇಶಕ್ಕೆಂದು ಖಾಸಗಿ ಸ್ವತ್ತೊಂದನ್ನು ತನ್ನ ಅಧಿನಿಯಮದ 352ನೇ ಕಲಮಿನ ಅಡಿಯಲ್ಲಿ ಸ್ವಾಧೀನಪಡಿಸಿಕೊಂಡಿರುವುದಾಗಿ ವಾದಿಸಿತ್ತು. ಆ ಕಲಮು ಯಾವ ಜಮೀನು ಬೇಕೆಂದು ತೀರ್ಮಾನಿಸುವ ಅವಕಾಶವನ್ನಷ್ಟೇ ನೀಡುತ್ತದೆ, ಕಡ್ಡಾಯವಾಗಿ ಪಡೆದುಕೊಳ್ಳುವ ಅಧಿಕಾರವನ್ನು ನೀಡುವುದಿಲ್ಲ ಎಂದು ನ್ಯಾಯಾಲಯವು ತೀರ್ಮಾನಿಸಿತು. ಪರಿಹಾರ ಕೊಟ್ಟುಬಿಟ್ಟರೆ ಸ್ವಾಧೀನವು ಸಿಂಧುವಾಗಿಬಿಡುವುದಿಲ್ಲವೆಂದೂ, ಸಂವಿಧಾನದ 300ಎ ಅನುಚ್ಛೇದದಲ್ಲಿ ನೋಟೀಸು ಪಡೆಯುವ, ಅಹವಾಲು ಹೇಳಿಕೊಳ್ಳುವ, ಕಾರಣಸಹಿತ ಆದೇಶ ಪಡೆಯುವ ಹಕ್ಕುಗಳೂ, ಸ್ವಾಧೀನವು ಸಾರ್ವಜನಿಕ ಉದ್ದೇಶಕ್ಕೇ ಆಗಿರಬೇಕೆಂಬ, ನ್ಯಾಯಯುತ ಪರಿಹಾರ ದೊರೆಯಬೇಕೆಂಬ, ಪ್ರಕ್ರಿಯೆಯು ವಿಳಂಬವಿಲ್ಲದೆ ನಡೆದು ಅಂತಿಮಗೊಳ್ಳಬೇಕೆಂಬ ನಿಬಂಧನೆಗಳೂ ಅಡಕವಾಗಿವೆಯೆಂದೂ ವಿವರಿಸಿತು. 1978ರ 44ನೇ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದಿದ್ದರೂ, ಸಂವಿಧಾನಾತ್ಮಕ ಹಕ್ಕಾಗಿ ಉಳಿದಿರುವುದನ್ನು ಸ್ಥಳೀಯ ಸಂಸ್ಥೆಗಳು ಮರೆಯಬಾರದು. ಠರಾವು ಮಾಡಿ, ಜೆಸಿಬಿ ಇಳಿಸಿ, ಆಮೇಲೆ ಕಾಗದ ಸರಿಪಡಿಸಿಕೊಳ್ಳುವ ಕ್ರಮಕ್ಕೆ ಈ ತೀರ್ಪಿನ ನಂತರ ಯಾವ ರಕ್ಷಣೆಯೂ ಇಲ್ಲ.

ವಿದ್ಯುತ್ ಜಾಲವನ್ನು ಪುರಸಭೆ ವಹಿಸಿಕೊಳ್ಳಬಹುದೇ?

ಬೀದಿ ದೀಪದ ಬಿಲ್ಲನ್ನು ಪುರಸಭೆಯೇ ಭರಿಸುವಾಗ ಕಂಬ ಮತ್ತು ತಂತಿಗಳನ್ನೂ ಅದೇ ಏಕೆ ಪಡೆದುಕೊಳ್ಳಬಾರದು ಎಂಬ ಪ್ರಶ್ನೆ ಸಹಜವಾದದ್ದು. ಹೊರದೇಶಗಳಲ್ಲಿ ಸೇವಾ ಜಾಲವನ್ನೇ ಸ್ಥಳೀಯ ಆಡಳಿತವು ವಹಿಸಿಕೊಂಡ ನಿದರ್ಶನಗಳಿವೆ. ಅಮೆರಿಕದ ಮೊಂಟಾನಾ ರಾಜ್ಯದ ಮಿಸೌಲಾ ನಗರವು ಖಾಸಗಿ ಒಡೆತನದಲ್ಲಿದ್ದ ಇಡೀ ನೀರು ಸರಬರಾಜು ವ್ಯವಸ್ಥೆಯನ್ನು ನ್ಯಾಯಾಲಯದ ಮೂಲಕ ಕಡ್ಡಾಯವಾಗಿ ಪಡೆದು 2017ರಲ್ಲಿ ತನ್ನದಾಗಿಸಿಕೊಂಡಿತು. ನಮ್ಮ ದೇಶದಲ್ಲಿಯೂ ಮುಂಬಯಿ ನಗರಪಾಲಿಕೆಯು ವಿದ್ಯುತ್ ಮತ್ತು ಟ್ರಾಮ್ ಸೇವೆ ನೀಡುತ್ತಿದ್ದ ಬೆಸ್ಟ್ ಕಂಪನಿಯನ್ನು 1947ರ ಆಗಸ್ಟ್ 7ರಂದು ವಹಿಸಿಕೊಂಡಿತು. ಕೇರಳದ ತ್ರಿಶೂರು ನಗರಪಾಲಿಕೆಯು ಇಂದಿಗೂ ತನ್ನದೇ ವಿದ್ಯುತ್ ವಿಭಾಗವನ್ನು ನಡೆಸುತ್ತಿದೆ.

ಇದಕ್ಕೆ ಆಧಾರವಾಗಿದ್ದುದು ಭಾರತೀಯ ವಿದ್ಯುತ್ ಕಾಯಿದೆ, 1910ರಂತಹ ಶಾಸನಗಳು. ಖಾಸಗಿ ಪರವಾನಗಿದಾರನ ಅವಧಿ ಮುಗಿದಾಗ ಉದ್ಯಮವನ್ನು ಖರೀದಿಸುವ ಆಯ್ಕೆಯನ್ನು ಆ ಕಾಯಿದೆಯು ಸ್ಥಳೀಯ ಸಂಸ್ಥೆಗೆ ನೀಡಿತ್ತು. ಬೆಲೆ ನಿಗದಿಯ ಕ್ರಮವು ಲೆಕ್ಕಪತ್ರ ಬಲ್ಲವರಿಗೆ ಕುತೂಹಲಕರವಾದದ್ದು. ಭೂಮಿ, ಕಟ್ಟಡ, ಯಂತ್ರಗಳಿಗೆ ಖರೀದಿಯ ದಿನದ ನ್ಯಾಯಯುತ ಮಾರುಕಟ್ಟೆ ಬೆಲೆ ಸಿಗುತ್ತಿತ್ತು. ವ್ಯಾಪಾರದ ಹೆಸರಿಗೆ ಅಥವಾ ಮುಂದೆ ಬರಬಹುದಾಗಿದ್ದ ಲಾಭಕ್ಕೆ ಏನೂ ಸಿಗುತ್ತಿರಲಿಲ್ಲ. ಕಡ್ಡಾಯ ಖರೀದಿಯ ಕಾರಣಕ್ಕೆ ಪರವಾನಗಿಯಲ್ಲಿ ನಮೂದಿಸಿದಂತೆ ಶೇ.20ನ್ನು ಮೀರದ ಮೊತ್ತವನ್ನು ಸೇರಿಸಬಹುದಾಗಿತ್ತು. 1959ರ ತಿದ್ದುಪಡಿಯು ಸರದಿಯನ್ನು ಬದಲಾಯಿಸಿ, ಮೊದಲ ಆಯ್ಕೆ ರಾಜ್ಯ ವಿದ್ಯುಚ್ಛಕ್ತಿ ಮಂಡಳಿಗೆ, ಎರಡನೆಯದು ರಾಜ್ಯ ಸರ್ಕಾರಕ್ಕೆ, ಇಬ್ಬರೂ ಬೇಡವೆಂದಲ್ಲಿ ಮಾತ್ರ ಸ್ಥಳೀಯ ಸಂಸ್ಥೆಗೆ ಎಂದಾಯಿತು. ಪಟ್ಟಣಗಳ ಕೈಯಿಂದ ವಿದ್ಯುತ್ ಜಾರಿದ್ದು ಈ ಸರದಿ ಬದಲಾವಣೆಯಲ್ಲಿಯೇ ಎನ್ನಬಹುದು.

ಸಿಂಧನೂರು, ಲಿಂಗಸೂಗೂರು, ಮಸ್ಕಿ ಪ್ರದೇಶದ ಇತಿಹಾಸವು ಇದಕ್ಕಿಂತ ಭಿನ್ನ. ಇದು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, ಬ್ರಿಟಿಷ್ ಇಂಡಿಯಾದ ಸದರಿ ಕಾಯಿದೆಯ ವ್ಯಾಪ್ತಿಯಲ್ಲಿ ಇರಲಿಲ್ಲ. 1956ರ ನವೆಂಬರ್ 1ರಂದು ಈ ಭಾಗವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಅಕ್ಟೋಬರ್ 1ರಂದು ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಚನೆಯಾಯಿತು. ಮಂಡಳಿಯ ಸ್ವತ್ತುಗಳು 1999ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮಕ್ಕೆ, ಅವುಗಳ ಪೈಕಿ ಈ ಭಾಗದ ವಿತರಣಾ ಜಾಲವು 2002ರ ಜೂನ್ 1ರಿಂದ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಜೆಸ್ಕಾಂಗೆ, ವರ್ಗಾವಣೆಯಾದವು. ಇವು ಶಾಸನದ ಮೂಲಕ ಆದ ವರ್ಗಾವಣೆಗಳು. ಯಾರ ಸ್ವತ್ತನ್ನೂ ಕಿತ್ತುಕೊಂಡದ್ದಲ್ಲ.

ವಿದ್ಯುತ್ ಅಧಿನಿಯಮ, 2003ರಲ್ಲಿ ವಿದ್ಯುತ್ ಮಾರ್ಗ, ಸ್ಥಾವರ ಹಾಗೂ ಅವುಗಳಿಗೆ ಹೊಂದಿಕೊಂಡ ಭೂಮಿ, ಕಟ್ಟಡ, ಸಾಮಗ್ರಿಗಳೆಲ್ಲವನ್ನೂ ಸೇರಿಸಿ 'ಯುಟಿಲಿಟಿ' ಎಂದು ವ್ಯಾಖ್ಯಾನಿಸಲಾಗಿದೆ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಪೂರ್ವಾನುಮೋದನೆ ಇಲ್ಲದೆ ಯಾವುದೇ ಪರವಾನಗಿದಾರರು ತಮ್ಮ ಯುಟಿಲಿಟಿಯನ್ನು ಮಾರಲು, ಗುತ್ತಿಗೆಗೆ ಕೊಡಲು ಬರುವುದಿಲ್ಲ. ಪರವಾನಗಿ ರದ್ದಾದಲ್ಲಿ ಅದನ್ನು ಯಾರಿಗೆ ಮಾರಬೇಕೆಂಬ ಪ್ರಕ್ರಿಯೆಯನ್ನು ನಡೆಸುವುದೂ ಆಯೋಗವೇ. ಆದುದರಿಂದ ಜೆಸ್ಕಾಂನ ಕಂಬ, ತಂತಿ, ಪರಿವರ್ತಕಗಳನ್ನು ಪುರಸಭೆಯು ಕಡ್ಡಾಯವಾಗಿ ಪಡೆದುಕೊಳ್ಳಲು ಇಂದು ಯಾವುದೇ ದಾರಿ ಇಲ್ಲ. ಸಂವಿಧಾನದ 12ನೇ ಅನುಸೂಚಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ನೀರು ಸರಬರಾಜನ್ನೂ ಬೀದಿ ದೀಪವನ್ನೂ ಹೆಸರಿಸಿದೆ, ವಿದ್ಯುತ್ ವಿತರಣೆಯನ್ನು ಹೆಸರಿಸಿಲ್ಲ. ಪಂಚಾಯಿತಿಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯಲ್ಲಿ ಮಾತ್ರ ಗ್ರಾಮೀಣ ವಿದ್ಯುದೀಕರಣದ ಜೊತೆಗೆ ವಿತರಣೆಯ ಉಲ್ಲೇಖವಿರುವುದು ಒಂದು ವಿಚಿತ್ರವೇ ಸರಿ. ಬಳಕೆದಾರರೇ ವಿತರಣೆ ನಡೆಸಬೇಕೆಂದಿದ್ದಲ್ಲಿ ಸಹಕಾರದ ಮಾರ್ಗವಿದೆ. 1969ರಲ್ಲಿ ಸ್ಥಾಪನೆಯಾದ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಅದಕ್ಕೆ ನಿದರ್ಶನ. ಅದು ಸ್ವಾಧೀನದಿಂದ ಹುಟ್ಟಿದ ಸಂಸ್ಥೆಯಲ್ಲ.

ನೀರು ಸರಬರಾಜಿನ ಸ್ವತ್ತು

ನೀರಿನ ವಿಷಯದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಸ್ವತ್ತು ಸ್ಥಳೀಯ ಸಂಸ್ಥೆಗೇ ಸೇರುತ್ತದೆ, ಆದರೆ ಅದು ಬರುವ ದಾರಿಗಳು ಹಲವು. ಮಸ್ಕಿಯನ್ನೇ ನೋಡಬಹುದು. ಗ್ರಾಮ ಪಂಚಾಯಿತಿಯಾಗಿದ್ದ ಮಸ್ಕಿ ಪುರಸಭೆಯಾಯಿತು, 2018ರಲ್ಲಿ ತಾಲ್ಲೂಕು ಕೇಂದ್ರವೂ ಆಯಿತು. ಗ್ರಾಮ ಪಂಚಾಯಿತಿಯು ಪುರಸಭೆಯಾಗಿ ಮಾರ್ಪಟ್ಟಾಗ ಅದರ ಕೊಳವೆ ಬಾವಿ, ಟ್ಯಾಂಕು, ನಲ್ಲಿ ಸಂಪರ್ಕ ಜಾಲಗಳು ಕಾನೂನಿನ ಬಲದಿಂದಲೇ ಪುರಸಭೆಗೆ ಬರುತ್ತವೆ. ಅವುಗಳ ಸಾಲ ಮತ್ತು ಬಾಕಿಗಳೂ ಬರುತ್ತವೆ. ಇದಕ್ಕೆ ಸ್ವಾಧೀನವೂ ಬೇಡ, ಪರಿಹಾರವೂ ಇಲ್ಲ. ಆದರೆ ಪಂಚಾಯಿತಿಯ ಕಾಲದಲ್ಲಿ ಯಾರದೋ ಬಾಯಿಮಾತಿನ ಒಪ್ಪಿಗೆಯ ಮೇಲೆ ಖಾಸಗಿ ಜಮೀನಿನಲ್ಲಿ ಕಟ್ಟಿದ ಟ್ಯಾಂಕು ಇದ್ದಲ್ಲಿ, ಟ್ಯಾಂಕಿನ ಜೊತೆಗೆ ಆ ವಿವಾದವೂ ವರ್ಗಾವಣೆಯಾಗುತ್ತದೆ. ಅಂತಹ ನೆಲಕ್ಕೆ ದಾನಪತ್ರ ಅಥವಾ ಕ್ರಯಪತ್ರ ನೋಂದಾಯಿಸಿಕೊಳ್ಳುವುದು ಒಳ್ಳೆಯದು, ಅದೂ ಹಳೆಯ ಮಾಲೀಕರು ಬದುಕಿರುವಾಗಲೇ.

ಹೊಸ ಕೆರೆಗೆ ಜಮೀನು ಬೇಕಾದಾಗ ಸ್ಥಳೀಯ ಸಂಸ್ಥೆಯು ಪ್ರಸ್ತಾವನೆ ಸಲ್ಲಿಸುತ್ತದೆ. ಸಾಮಾಜಿಕ ಪರಿಣಾಮ ಅಧ್ಯಯನ ನಡೆದು, ಬಾಧಿತ ಪ್ರದೇಶದಲ್ಲಿ ಸಾರ್ವಜನಿಕ ಅಹವಾಲು ಆಲಿಸಿದ ನಂತರ 11ನೇ ಕಲಮಿನಡಿ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಇದು ರಾಜ್ಯಪತ್ರದಲ್ಲಿ, ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ, ಸ್ಥಳೀಯ ಸಂಸ್ಥೆ ಮತ್ತು ತಹಸೀಲ್ದಾರರ ಕಚೇರಿಯಲ್ಲಿ ಪ್ರಕಟವಾಗಬೇಕು. ಪ್ರಕಟವಾದ 60 ದಿನಗಳೊಳಗೆ ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸಬಹುದು. ಇಷ್ಟು ವಿಸ್ತೀರ್ಣ ಏಕೆ ಬೇಕು, ಇದೇ ಜಮೀನು ಏಕೆ, ಪಕ್ಕದಲ್ಲಿ ಸರ್ಕಾರಿ ಗಾಯರಾಣ ಇಲ್ಲವೇ, ಉದ್ದೇಶವು ನಿಜಕ್ಕೂ ಸಾರ್ವಜನಿಕವೇ ಎಂದು ಕೇಳುವ ಹಕ್ಕು ಇರುವುದು ಈ ಹಂತದಲ್ಲಿ. ಬಹಳಷ್ಟು ರೈತರು ಈ ಅವಧಿಯನ್ನು ಕಳೆದುಕೊಂಡು ಐತೀರ್ಪಿನ ನಂತರ ಕಚೇರಿಗೆ ಬರುತ್ತಾರೆ. ಆಗ ಉಳಿಯುವುದು ಪರಿಹಾರದ ಮೊತ್ತದ ಪ್ರಶ್ನೆ ಮಾತ್ರ. ಅಧಿಸೂಚನೆಯ ನಂತರ ಜಿಲ್ಲಾಧಿಕಾರಿಗಳ ವಿಶೇಷ ಅನುಮತಿ ಇಲ್ಲದೆ ಸದರಿ ಜಮೀನನ್ನು ಮಾರುವಂತಿಲ್ಲ ಎಂಬುದನ್ನೂ ಗಮನಿಸತಕ್ಕದ್ದು.

ನೀರಾವರಿಯ ಬಹುಬೆಳೆ ಜಮೀನನ್ನು ಅನ್ಯ ಮಾರ್ಗವಿಲ್ಲದಾಗ ಕೊನೆಯ ಉಪಾಯವಾಗಿ ಮಾತ್ರ ಪಡೆಯಬೇಕು ಮತ್ತು ಅಷ್ಟೇ ವಿಸ್ತೀರ್ಣದ ಬೀಳು ಭೂಮಿಯನ್ನು ಕೃಷಿಯೋಗ್ಯ ಮಾಡಬೇಕು ಅಥವಾ ಅದರ ಮೌಲ್ಯವನ್ನು ಠೇವಣಿ ಇಡಬೇಕು ಎಂದು 10ನೇ ಕಲಮು ವಿಧಿಸುತ್ತದೆ. ಎರಡು ಬೆಳೆ ಭತ್ತ ತೆಗೆಯುವ ಸಿಂಧನೂರು ಸೀಮೆಗೆ ಇದಕ್ಕಿಂತ ಹತ್ತಿರದ ನಿಯಮ ಮತ್ತೊಂದಿಲ್ಲ. ಆದಾಗ್ಯೂ 2019ರ ಕರ್ನಾಟಕ ತಿದ್ದುಪಡಿಯು ಗ್ರಾಮೀಣ ಮೂಲಸೌಕರ್ಯ, ನೀರಾವರಿ ಮುಂತಾದ ಕೆಲವು ಬಗೆಯ ಯೋಜನೆಗಳಿಗೆ ಸಾಮಾಜಿಕ ಪರಿಣಾಮ ಅಧ್ಯಯನದಿಂದಲೂ ಈ ರಕ್ಷಣೆಯಿಂದಲೂ ವಿನಾಯಿತಿ ನೀಡಲು ಸರ್ಕಾರಕ್ಕೆ ಅವಕಾಶ ಕಲ್ಪಿಸಿದೆ. ಆದ್ದರಿಂದ ಅಧಿಸೂಚನೆಯನ್ನು ಓದುವಾಗ ವಿನಾಯಿತಿ ನೀಡಲಾಗಿದೆಯೇ, ಯಾವ ಕಾರಣಕ್ಕೆ ಎಂಬುದನ್ನು ಮೊದಲು ನೋಡುವುದು ಉಚಿತ. ಹಿಂದಿನ 1894ರ ಕಾಯಿದೆಯಲ್ಲಿ ಬಳಸಲಾಗುತ್ತಿದ್ದ ತುರ್ತು ಕಲಮು ಈಗ ರಕ್ಷಣೆ, ರಾಷ್ಟ್ರೀಯ ಭದ್ರತೆ, ನೈಸರ್ಗಿಕ ವಿಕೋಪ ಹಾಗೂ ಸಂಸತ್ತು ಅನುಮೋದಿಸಿದ ತುರ್ತು ಸಂದರ್ಭಗಳಿಗೆ ಸೀಮಿತವಾಗಿದೆ. ಪ್ರತಿ ಬೇಸಿಗೆಯಲ್ಲಿ ಬರುವ ನೀರಿನ ಅಭಾವವನ್ನು ತುರ್ತು ಎಂದು ಕರೆದು ವಿಚಾರಣೆಯನ್ನು ಬದಿಗಿಡಲು ಅವಕಾಶವಿಲ್ಲ.

ಪರಿಹಾರದ ಲೆಕ್ಕ

ನೋಂದಣಿ ಮಾರ್ಗಸೂಚಿ ಬೆಲೆ, ಸುತ್ತಮುತ್ತಲಿನ ಹಿಂದಿನ 3 ವರ್ಷಗಳ ಕ್ರಯಪತ್ರಗಳ ಪೈಕಿ ಹೆಚ್ಚಿನ ಬೆಲೆಯವುಗಳ ಸರಾಸರಿ, ಇಂತಹವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಮಾರುಕಟ್ಟೆ ಮೌಲ್ಯವೆಂದು ಪರಿಗಣಿಸಲಾಗುತ್ತದೆ. ಗ್ರಾಮೀಣ ಜಮೀನಿಗೆ ಪಟ್ಟಣದಿಂದ ಇರುವ ದೂರವನ್ನು ಅನುಸರಿಸಿ 1ರಿಂದ 2ರವರೆಗಿನ ಗುಣಕದಿಂದ ಇದನ್ನು ಗುಣಿಸಲಾಗುತ್ತದೆ. ಮರ, ಬಾವಿ, ಕಟ್ಟಡಗಳ ಮೌಲ್ಯ ಸೇರಿಸಿದ ಮೇಲೆ ಬರುವ ಮೊತ್ತಕ್ಕೆ ಸಮನಾದ ಇನ್ನೊಂದು ಮೊತ್ತವನ್ನು ಸಾಂತ್ವನ ಧನವಾಗಿ ನೀಡತಕ್ಕದ್ದು.

ಉದಾಹರಣೆಗೆ, 2 ಎಕರೆ ಜಮೀನಿನ ಮಾರುಕಟ್ಟೆ ಮೌಲ್ಯ ಎಕರೆಗೆ ರೂ.12 ಲಕ್ಷದಂತೆ ರೂ.24 ಲಕ್ಷ, ಗುಣಕ 1.5 ಎಂದು ಇಟ್ಟುಕೊಂಡಲ್ಲಿ ರೂ.36 ಲಕ್ಷವಾಗುತ್ತದೆ. ಮರ ಹಾಗೂ ಕೊಳವೆ ಬಾವಿಗೆ ರೂ.2 ಲಕ್ಷ ಸೇರಿ ರೂ.38 ಲಕ್ಷ. ಸಾಂತ್ವನ ಧನ ರೂ.38 ಲಕ್ಷ. ಒಟ್ಟು ರೂ.76 ಲಕ್ಷ. ಇದರ ಮೇಲೆ, ಮಾರುಕಟ್ಟೆ ಮೌಲ್ಯಕ್ಕೆ ವಾರ್ಷಿಕ ಶೇ.12ರಂತೆ ಲೆಕ್ಕ ಹಾಕಿದ ಮೊತ್ತವೂ ಐತೀರ್ಪಿನ ದಿನಾಂಕ ಅಥವಾ ಸ್ವಾಧೀನದ ದಿನಾಂಕ ಇವುಗಳಲ್ಲಿ ಮೊದಲಿನದರವರೆಗೆ ಸಲ್ಲುತ್ತದೆ. ಅಂದರೆ ಜಮೀನಿನ ಮೂಲ ಬೆಲೆಯ ಮೂರು ಪಟ್ಟಿಗಿಂತ ಹೆಚ್ಚಿನ ಹೊಣೆ ಸ್ಥಳೀಯ ಸಂಸ್ಥೆಯ ಮೇಲೆ ಬೀಳುತ್ತದೆ. ಮಾರ್ಗಸೂಚಿ ಬೆಲೆಯನ್ನಷ್ಟೇ ನೋಡಿ ಆಯವ್ಯಯದಲ್ಲಿ ಹಣ ಕಾಯ್ದಿರಿಸಿದ ಯೋಜನೆಗಳು ಅರ್ಧದಲ್ಲಿ ನಿಲ್ಲುವುದು ಈ ಕಾರಣದಿಂದ.

ಹಣದ ವಿಷಯದಲ್ಲಿ ಕಾನೂನು ಕಾಲಮಿತಿಯನ್ನು ಬಿಗಿಯಾಗಿ ವಿಧಿಸಿದೆ. ವೆಚ್ಚದ ಪೂರ್ಣ ಅಥವಾ ನಿಗದಿತ ಭಾಗವನ್ನು ಪ್ರಸ್ತಾವನೆ ಸಲ್ಲಿಸಿದ ಸಂಸ್ಥೆಯು ಠೇವಣಿ ಇಡದ ಹೊರತು 19ನೇ ಕಲಮಿನ ಘೋಷಣೆ ಹೊರಡುವಂತಿಲ್ಲ. ಪ್ರಾಥಮಿಕ ಅಧಿಸೂಚನೆಯಿಂದ 12 ತಿಂಗಳೊಳಗೆ ಘೋಷಣೆ, ಘೋಷಣೆಯಿಂದ 12 ತಿಂಗಳೊಳಗೆ ಐತೀರ್ಪು ಆಗಬೇಕು. ಅವಧಿಯನ್ನು ಸಕಾರಣವಾಗಿ ವಿಸ್ತರಿಸದಿದ್ದಲ್ಲಿ ಪ್ರಕ್ರಿಯೆಯು ಬಿದ್ದುಹೋಗುತ್ತದೆ. ಪರಿಹಾರ ಪಾವತಿಸದೆ ಜಮೀನಿನ ಸ್ವಾಧೀನ ಪಡೆಯುವಂತಿಲ್ಲ. ಮೊತ್ತ ಕಡಿಮೆಯಾಯಿತೆಂದು ಭಾವಿಸುವವರು ಐತೀರ್ಪಿನ ವೇಳೆ ಹಾಜರಿದ್ದಲ್ಲಿ 6 ವಾರಗಳೊಳಗೆ 64ನೇ ಕಲಮಿನಡಿ ಅರ್ಜಿ ಸಲ್ಲಿಸಿ ಪ್ರಾಧಿಕಾರಕ್ಕೆ ವರ್ಗಾಯಿಸುವಂತೆ ಕೋರಬಹುದು. ಹೆಚ್ಚುವರಿ ಪರಿಹಾರ ಮಂಜೂರಾದಲ್ಲಿ ಸ್ವಾಧೀನದ ದಿನದಿಂದ ಮೊದಲ ವರ್ಷಕ್ಕೆ ಶೇ.9, ಆನಂತರ ಶೇ.15ರಂತೆ ಬಡ್ಡಿ ಬೆಳೆಯುತ್ತದೆ. ಪುರಸಭೆಯಂತಹ ಸಣ್ಣ ಸಂಸ್ಥೆಗೆ ವಿಳಂಬವೇ ದೊಡ್ಡ ಖರ್ಚು.

ಜಮೀನಿನ ಮಾಲೀಕರಲ್ಲದವರ ವಿಷಯವನ್ನೂ ಇಲ್ಲಿ ಹೇಳಬೇಕಾಗುತ್ತದೆ. ಈ ಭಾಗದಲ್ಲಿ ಲಾವಣಿಗೆ ಅಥವಾ ಪಾಲಿಗೆ ಜಮೀನು ಮಾಡುವವರು ಬಹಳ. ಸ್ವಾಧೀನಕ್ಕೆ ಮೊದಲು 3 ವರ್ಷಗಳ ಕಾಲ ಆ ಜಮೀನೇ ಮುಖ್ಯ ಜೀವನಾಧಾರವಾಗಿದ್ದ ಗೇಣಿದಾರರು, ಪಾಲುದಾರರು ಮತ್ತು ಕೃಷಿ ಕಾರ್ಮಿಕರ ಕುಟುಂಬಗಳನ್ನೂ ಅಧಿನಿಯಮವು ಬಾಧಿತ ಕುಟುಂಬಗಳೆಂದು ಪರಿಗಣಿಸುತ್ತದೆ. ಆದರೆ ಬಾಯಿಮಾತಿನ ಲಾವಣಿಗೆ ಪಹಣಿಯಲ್ಲಿ ದಾಖಲೆ ಇರುವುದಿಲ್ಲ. ಅಧ್ಯಯನ ತಂಡವು ಗ್ರಾಮಕ್ಕೆ ಬಂದಾಗ ಇಂತಹ ಕುಟುಂಬಗಳು ತಮ್ಮ ಹೆಸರನ್ನು ಬರೆಸಿಕೊಳ್ಳದಿದ್ದಲ್ಲಿ ನಂತರ ರುಜುವಾತುಪಡಿಸುವುದು ಕಷ್ಟಸಾಧ್ಯ.

ಸ್ವಾಧೀನವಿಲ್ಲದ ಬಳಕೆ

ಪ್ರತಿಯೊಂದು ಕಾಮಗಾರಿಗೂ ಜಮೀನಿನ ಮಾಲೀಕತ್ವ ಬೇಕಾಗುವುದಿಲ್ಲ. ನೀರಿನ ಕೊಳವೆಯು ಹೊಲದ ಅಡಿಯಲ್ಲಿ ಹಾದುಹೋಗುವಾಗ ಸಮಂಜಸ ನೋಟೀಸು ನೀಡಿ, ಬೆಳೆಗೆ ಮತ್ತು ಜಮೀನಿಗೆ ಆದ ಹಾನಿಗೆ ಪರಿಹಾರ ಕೊಟ್ಟು ಬಳಕೆಯ ಹಕ್ಕನ್ನಷ್ಟೇ ಪಡೆಯಲಾಗುತ್ತದೆ. ಪ್ರಸರಣ ಗೋಪುರಗಳ ವಿಷಯದಲ್ಲಿಯೂ ಪಹಣಿಯಲ್ಲಿ ಹೆಸರು ರೈತನದೇ ಉಳಿಯುತ್ತದೆ. 66 ಕೆವಿ ಹಾಗೂ ಅದಕ್ಕೂ ಹೆಚ್ಚಿನ ಸಾಮರ್ಥ್ಯದ ಮಾರ್ಗಗಳಿಗೆ ಕೇಂದ್ರ ವಿದ್ಯುತ್ ಸಚಿವಾಲಯವು 2015ರಲ್ಲಿ ಗೋಪುರದ ತಳಕ್ಕೆ ಜಮೀನು ಮೌಲ್ಯದ ಶೇ.85, ತಂತಿಯ ಕೆಳಗಿನ ಪಟ್ಟಿಗೆ ಶೇ.15ರವರೆಗೆ ಪರಿಹಾರವನ್ನು ಸೂಚಿಸಿತ್ತು. 2024ರ ಜೂನ್ ತಿಂಗಳ ಮಾರ್ಗಸೂಚಿಯಲ್ಲಿ ಇವನ್ನು ಕ್ರಮವಾಗಿ ಶೇ.200 ಮತ್ತು ಶೇ.30ಕ್ಕೆ ಏರಿಸಲಾಗಿದೆ. ಇವು ರಾಜ್ಯಗಳು ಅಳವಡಿಸಿಕೊಳ್ಳಬೇಕಾದ ಮಾರ್ಗಸೂಚಿಗಳು.

ಬರಗಾಲದಲ್ಲಿ ಖಾಸಗಿ ಕೊಳವೆ ಬಾವಿಯನ್ನು ಪಡೆಯುವುದು ಮತ್ತೊಂದು ಬಗೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ಸಂದರ್ಭವನ್ನು ಇಲ್ಲಿ ನೆನೆಯಬಹುದು. ಇಂತಹ ಕಾಲದಲ್ಲಿ ಸಾಮಾನ್ಯವಾಗಿ ಅನುಸರಿಸುವುದು ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡು ಮಾಸಿಕ ಬಾಡಿಗೆಗೆ ಪಡೆಯುವ ಕ್ರಮ. ಒಪ್ಪದಿದ್ದಲ್ಲಿ ವಿಪತ್ತು ನಿರ್ವಹಣಾ ಅಧಿನಿಯಮ, 2005ರ 65ನೇ ಕಲಮಿನಡಿ ಸಂಪನ್ಮೂಲವನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯಲು ಅವಕಾಶವಿದ್ದು, ಪರಿಹಾರವನ್ನು 66ನೇ ಕಲಮಿನ ಪ್ರಕಾರ ನಿರ್ಧರಿಸಲಾಗುತ್ತದೆ. ಅವಧಿ ಮುಗಿದ ಮೇಲೆ ಬಾವಿಯು ಮಾಲೀಕರಿಗೆ ಹಿಂದಿರುಗಬೇಕು. ಅದು ಪುರಸಭೆಯ ಆಸ್ತಿ ವಹಿಯಲ್ಲಿ ಸೇರತಕ್ಕದ್ದಲ್ಲ. ಇದಲ್ಲದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ಕೊರೆಯುವುದನ್ನು 1999ರ ಕರ್ನಾಟಕ ಅಂತರ್ಜಲ ಅಧಿನಿಯಮವು ನಿರ್ಬಂಧಿಸುತ್ತದೆ.

ಸ್ವಾಧೀನದ ನೋಟೀಸು ಬಂದ ಕುಟುಂಬಗಳು ಮೊದಲು ಪಹಣಿಯನ್ನು ಪರಿಶೀಲಿಸತಕ್ಕದ್ದು. ಮರಣ ಹೊಂದಿದ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಜಮೀನು ಉಳಿದಿದ್ದರೆ ಪೌತಿ ಖಾತೆಗೆ, ಅಣ್ಣತಮ್ಮಂದಿರ ಹಿಸ್ಸೆಗಳು ಬೇರ್ಪಡದಿದ್ದರೆ ಪೋಡಿಗೆ ವಿಳಂಬವಿಲ್ಲದೆ ಅರ್ಜಿ ಸಲ್ಲಿಸಬೇಕು. ಹಕ್ಕಿನ ಬಗ್ಗೆ ತಕರಾರು ಇದ್ದಲ್ಲಿ ಪರಿಹಾರದ ಹಣವು ಕುಟುಂಬದ ಕೈಗೆ ಬಾರದೆ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ಐತೀರ್ಪಿನ ಮೊತ್ತಕ್ಕೆ 96ನೇ ಕಲಮಿನ ಪ್ರಕಾರ ಆದಾಯ ತೆರಿಗೆ ಇರುವುದಿಲ್ಲವಾದುದರಿಂದ, ಪಾವತಿಯ ವೇಳೆ ತೆರಿಗೆ ಮುರಿದುಕೊಂಡಿದ್ದರೆ ಅದನ್ನು ಲಿಖಿತವಾಗಿ ಪ್ರಶ್ನಿಸಬಹುದು. ಪಡೆದ ಜಮೀನು ಸ್ವಾಧೀನದ ದಿನದಿಂದ 5 ವರ್ಷಗಳ ಕಾಲ ಬಳಕೆಯಾಗದೆ ಉಳಿದಲ್ಲಿ, 101ನೇ ಕಲಮಿನ ಮೇರೆಗೆ ಅದು ಮೂಲ ಮಾಲೀಕರಿಗೆ ಅಥವಾ ಅವರ ವಾರಸುದಾರರಿಗೆ, ಇಲ್ಲವೇ ಸರ್ಕಾರದ ಭೂ ಬ್ಯಾಂಕಿಗೆ ಹಿಂದಿರುಗತಕ್ಕದ್ದಾಗಿರುತ್ತದೆ.